ದೋಣಿಯಲ್ಲಿ ಇಂಗ್ಲೆಂಡ್ ಬಿಡುವ ಮುಂಚೆ ತುಂಬುವ ಫಾರಂ

ಹೋದ ಬೇಸಿಗೆಯಲ್ಲಿ ಆಫೀಸಿನ ಇಂಗ್ಲಿಷ್ ಗೆಳೆಯನ 32 ಅಡಿಯ ಹಾಯಿದೋಣಿಯಲ್ಲಿ ಗಾಸ್ಪೋರ್ಟಿನಿಂದ ಫ್ರಾನ್ಸಿನ ಶೆರ್ಬೂರ್ಗ್‌ಗೆ ಹೋಗಿದ್ದೆ. ದೇಶ ಬಿಡುವುದು ಅಂದರೆ ನನಗೆ ಗೊತ್ತಿದ್ದದ್ದು ಏರ್‌ಪೋರ್ಟಿನ ಸಾಲು. ಇಲ್ಲಿ ಸಾಲೂ ಇಲ್ಲ, ಸಾಹೇಬರೂ ಇಲ್ಲ. ಇರುವುದು ‘ಪ್ಲೆಷರ್ ಕ್ರಾಫ್ಟ್ ರಿಪೋರ್ಟ್’ ಎಂಬ ಆನ್‌ಲೈನ್ ಫಾರಂ. ಯುಕೆ ಸರ್ಕಾರದ್ದು, ದುಡ್ಡಿಲ್ಲ.

ಹೊರಡುವ ಹಿಂದಿನ 24 ಗಂಟೆಯೊಳಗೆ, ತಡ ಅಂದರೂ 2 ಗಂಟೆ ಮುಂಚೆ ಕಳಿಸಬೇಕು. ದೋಣಿಯ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಒಳಗಿರುವವರೆಲ್ಲರ ಪಾಸ್‌ಪೋರ್ಟ್ ವಿವರ. ಒಮ್ಮೆ ಉಳಿಸಿಟ್ಟರೆ ಮುಂದಿನ ಸಲ ಮತ್ತೆ ಕುಟ್ಟುವ ಕೆಲಸವಿಲ್ಲ. ಇದು ಇಷ್ಟವಾಯಿತು. ಬ್ರೆಕ್ಸಿಟ್‌ಗೆ ಮುಂಚೆ ಫ್ರಾನ್ಸಿಗೆ ಹೋಗಲು ಇಷ್ಟೆಲ್ಲಾ ಇರಲಿಲ್ಲ ಅಂತ ಗೆಳೆಯ ದಾರಿಯುದ್ದಕ್ಕೂ ಗೊಣಗಿದ.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿರುವುದು ಅಪ್ಪನ ಹೆಸರು. ಗೆಳೆಯ ಅದನ್ನೇ ನನ್ನ ಹೆಸರು ಅಂದುಕೊಂಡು ಹಿಂದುಮುಂದು ಮಾಡಿ ಕಳಿಸಿಬಿಟ್ಟಿದ್ದ. ಬೆಳಿಗ್ಗೆ 6ಕ್ಕೆ ಇಳಿತದ ಜೊತೆ ಹೊರಡಬೇಕು. ರಾತ್ರಿ 11ಕ್ಕೆ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಸುಮ್ನೆ ಕಣ್ಣಾಡಿಸಿದಾಗ ಗೊತ್ತಾಯಿತು. ಭಾರತದ ಪಾಸ್‌ಪೋರ್ಟ್, ಮೇಲೆ ಫ್ರಾನ್ಸಿಗೆ ಕಾಲಿಡಲು ಬೇಕಾದ ಷೆಂಗೆನ್ ವೀಸಾ. ಎದೆ ಝಲ್ಲೆಂದಿತು. ತಿದ್ದಿ ಮತ್ತೆ ಕಳಿಸಲು ಹಿಡಿದದ್ದು ಐದೇ ನಿಮಿಷ. ನಿಮ್ಮ ಹೆಸರನ್ನು ನೀವೇ ತುಂಬಿ, ಅಷ್ಟೇ ನನ್ನ ಸಲಹೆ.

ಸಮುದ್ರದಲ್ಲಿ ಯಾರಾದರೂ ತಡೆದು ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಯುಕೆ ಗಡಿ ಕಾಯುವ ಬಾರ್ಡರ್ ಫೋರ್ಸಿನ ಹತ್ತಿರ 42 ಮೀಟರ್ ಉದ್ದದ, ಕಟರ್ ಎಂಬ ಗಸ್ತು ಹಡಗುಗಳಿವೆ. ನಮಗೆ ಒಂದೂ ಕಾಣಲಿಲ್ಲ. 13 ಗಂಟೆಯ ದಾರಿಯಲ್ಲಿ ಬರೀ ಕಂಟೇನರ್ ಹಡಗುಗಳು, ನಡುವೆ ನನ್ನ ವಾಂತಿ. (ಚಿತ್ರಾನ್ನ ಗೆಳೆಯನೇ ಮುಗಿಸಿದ.) ನಾವೆಲ್ಲಿದ್ದೇವೆ ಅಂತ ರೇಡಿಯೊದಲ್ಲಿ ಸಾರುತ್ತಾ ಹೋಗುವ ಎಐಎಸ್ ನಮ್ಮಲ್ಲಿತ್ತು. ಆದರೆ ಇಂಥ ಸಣ್ಣ ದೋಣಿಗೆ ಅದು ಕಡ್ಡಾಯವಲ್ಲ. ಹಾಗಾದರೆ ಫಾರಂ ತುಂಬದೆ, ಎಐಎಸ್ ಆರಿಸಿ ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದೆ. ಸಿಕ್ಕಿಬಿದ್ದರೆ ದಂಡ ನೀನು ಕಟ್ಟುತ್ತೀಯಾ ಅಂತ ಕೇಳಿದ. ಬಾಯಿ ಮುಚ್ಚಿಕೊಂಡೆ.

ವಾಪಸ್ ಬರುವಾಗಲೂ ಇದೇ ಫಾರಂ. ಜೊತೆಗೆ ದಡ 12 ನಾಟಿಕಲ್ ಮೈಲಿ ದೂರ ಇರುವಾಗ, ಹೊರದೇಶದಿಂದ ಬರುತ್ತಿದ್ದೇವೆ ಅಂತ ತಿಳಿಸುವ ಹಳದಿ ಬಾವುಟ ಏರಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕನ್ನಡ ಬಾವುಟದ ಮೇಲರ್ಧ ಕತ್ತರಿಸಿದ ಹಾಗಿತ್ತು. ಹಗ್ಗ ಎಳೆದ ಮೇಲೆ ತಲೆಕೆಳಗಾಯಿತೇನೋ ಅಂತ ಅನುಮಾನ ಬಂತು. ಎಲ್ಲಾ ಕಡೆ ಹಳದಿಯೇ, ಯಾರಿಗೂ ಗೊತ್ತಾಗಲ್ಲ ಅಂತ ಗೆಳೆಯ ನಕ್ಕ.