ಗ್ರೀನ್ ಕಾರ್ಡ್ ಸಾಕಾ, ಅಮೆರಿಕದ ಪೌರತ್ವವೂ ಬೇಕಾ?

ಅಮೆರಿಕದ ಪ್ರಜೆಯನ್ನು ಮದುವೆಯಾದವರು ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಪರವಾನಗಿ) ಸಿಕ್ಕಿ, ಸಂಗಾತಿಯ ಜೊತೆಗೇ ಬಾಳುತ್ತಿದ್ದರೆ 3 ವರ್ಷಕ್ಕೆ ಪೌರತ್ವ ಕೇಳಬಹುದು. ಅಷ್ಟರೊಳಗೆ ಮದುವೆ ಮುರಿದರೆ ಎಲ್ಲರಂತೆ 5 ವರ್ಷ ಕಾಯಬೇಕು. ಕೇಳಲೇಬೇಕೆಂಬ ಒತ್ತಾಯವೇನೂ ಇಲ್ಲ.

ತೆರಿಗೆಯಲ್ಲಿ ವ್ಯತ್ಯಾಸ ಕಡಿಮೆ. ಎರಡರಲ್ಲೂ ಊರಿನ ಬಾಡಿಗೆ, ಬ್ಯಾಂಕ್ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು.

ನಿಜವಾದ ವ್ಯತ್ಯಾಸ ಅಪ್ಪ ಅಮ್ಮನ ವಿಷಯದಲ್ಲಿದೆ. ಅವರಿಗೆ ಹುಷಾರಿಲ್ಲ ಅಂತ ಊರಿಗೆ ಬಂದು 6 ತಿಂಗಳು ದಾಟಿದರೆ, ಗ್ರೀನ್ ಕಾರ್ಡ್‌ನವರು ವಾಪಸ್ ಹೋಗುವಾಗ ಪ್ರಶ್ನೆಗಳನ್ನು ಎದುರಿಸಬೇಕಾಗಬಹುದು. ಒಂದು ವರ್ಷ ಮೀರುವುದಾದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ, ಅಂದರೆ ಮತ್ತೆ ಒಳಗೆ ಬರುವ ಅನುಮತಿಗೆ, ಅರ್ಜಿ ಹಾಕಿರಬೇಕು. ಪ್ರಜೆಗೆ ಈ ಭಯವಿಲ್ಲ. ಅಪ್ಪ ಅಮ್ಮನನ್ನೇ ಕಾಯಂ ಆಗಿ ಕರೆಸಿಕೊಳ್ಳಬೇಕೆಂದರೂ 21 ತುಂಬಿದ ಪ್ರಜೆಗೆ ಮಾತ್ರ ಸಾಧ್ಯ, ಗ್ರೀನ್ ಕಾರ್ಡ್ ಸಾಲದು.

ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಎರಡು ಪೌರತ್ವಕ್ಕೆ ನಮ್ಮ ಸಂವಿಧಾನದಲ್ಲಿ ಜಾಗವಿಲ್ಲ. ಇದು ಮನಸ್ಸಿಗೆ ನೋವಾಗುವ ಮಾತೇ, ಅಲ್ವಾ? ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿದರೆ ವೀಸಾ ಚಿಂತೆಯಿಲ್ಲದೆ ಬಂದು ಹೋಗಬಹುದು. ಆದರೆ ಇಲ್ಲಿ ಮತ ಹಾಕುವಂತಿಲ್ಲ. ಜಮೀನು ಹೋಗುತ್ತದೆ ಅಂತ ಸುಮ್ನೆ ಹೆದರಬೇಡಿ. ಹೊಲ ಕೊಳ್ಳಲು ಆಗದು, ನಿಜ. ಭಾರತದ ಪ್ರಜೆಗಳಾಗಿಯೇ ಅಲ್ಲಿ ನೆಲೆಸಿರುವ ಎನ್‌ಆರ್‌ಐಗಳಿಗೂ ಅದೇ ನಿಯಮ. ಹಿರಿಯರಿಂದ ಬಂದ ಹೊಲ ಇಟ್ಟುಕೊಳ್ಳಬಹುದು.

ಕೆಲವೇ ವರ್ಷದಲ್ಲಿ ಊರಿಗೆ ಮರಳುವ ಮನಸ್ಸಿದ್ದರೆ ಪಾಸ್‌ಪೋರ್ಟ್ ಉಳಿಸಿಕೊಳ್ಳಿ. ಮಕ್ಕಳ ಜೊತೆ ಅಲ್ಲೇ ಇರುವವರಿಗೆ, ಅದರಲ್ಲೂ ಇಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ, ನಾನಂತೂ ಪೌರತ್ವವನ್ನೇ ಹೇಳುತ್ತೇನೆ.