ಹಳೇ ಸೆಡಾನ್‌ನ ಏರ್‌ಬ್ಯಾಗ್ ರೀಕಾಲ್: ಸೆಕೆಂಡ್ ಹ್ಯಾಂಡ್ ಮಾಲೀಕನ ಅನುಭವ

ಮಂಗಳೂರಿನಲ್ಲಿ 2009ರ ಮಾಡೆಲ್‌ನ ಪೆಟ್ರೋಲ್ ಸೆಡಾನ್ ಓಡಿಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ವರ್ಷಗಳೇ ಆದವು. ಎಂಜಿನ್, ಗೇರ್, ಎಸಿ ಯಾವುದರ ಮೇಲೂ ದೂರಿಲ್ಲ. ತುಕ್ಕಿಗೆ ಮಾತ್ರ ಪ್ರತಿ ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಖರ್ಚು. ಬರೆಯಬೇಕಾದ್ದು ಏರ್‌ಬ್ಯಾಗ್ ವಿಷಯ.

ನನ್ನ ಕಾರಿನಲ್ಲಿದ್ದದ್ದು ಜಪಾನಿನ ಏರ್‌ಬ್ಯಾಗ್ ತಯಾರಕ ಕಂಪನಿ ಟಕಾಟಾದ ಇನ್‌ಫ್ಲೇಟರ್. ಡಿಕ್ಕಿಯಾದಾಗ ಚೀಲವನ್ನು ಕ್ಷಣಾರ್ಧದಲ್ಲಿ ಉಬ್ಬಿಸುವ ಲೋಹದ ಡಬ್ಬಿ ಅದು. ಒಳಗಿರುವ, ಉರಿದು ಅನಿಲ ಹೊಮ್ಮಿಸುವ ಮದ್ದು ಅಮೋನಿಯಂ ನೈಟ್ರೇಟ್. ತೇವ ಹೀರುವ ಪದಾರ್ಥ ಹಾಕದ ಮಾದರಿಗಳಲ್ಲಿ ವರ್ಷಗಟ್ಟಲೆ ಸೆಕೆ, ತೇವ ತಾಗಿ ಮದ್ದು ಕೆಡುತ್ತದೆ. ಆಮೇಲೆ ಹೊತ್ತಿಕೊಂಡರೆ ಬೇಕಾದ್ದಕ್ಕಿಂತ ಜೋರಾಗಿ ಉರಿದು ಡಬ್ಬಿಯೇ ಸಿಡಿಯುತ್ತದೆ; ಲೋಹದ ಚೂರುಗಳು ಎದುರು ಕೂತವರ ಕುತ್ತಿಗೆ, ಮುಖಕ್ಕೆ ಬಡಿಯುತ್ತವೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್ ರೀಕಾಲ್ ಆದವು (ಅಂದರೆ ದೋಷ ಸರಿಪಡಿಸಲು ಕಾರುಗಳನ್ನು ವಾಪಸ್ ಕರೆದರು), 2017ರಲ್ಲಿ ಟಕಾಟಾ ದಿವಾಳಿಯಾಯಿತು. ಅಲ್ಲಿ ಫ್ಲೋರಿಡಾದಂಥ ಸೆಕೆಯ, ತೇವದ ಪ್ರದೇಶಗಳ ಕಾರುಗಳಿಗೆ ಮೊದಲ ಆದ್ಯತೆ ಕೊಟ್ಟರು. ಬೇಸಿಗೆಯಿಡೀ ಬಿಸಿಲಿಗೆ ಕಾದು, ಜೂನ್ ಬಂತೆಂದರೆ ಸೆಪ್ಟೆಂಬರ್ ತನಕ ಒದ್ದೆಯಲ್ಲೇ ನಿಲ್ಲುವ ನಮ್ಮ ಕರಾವಳಿಯ ಗಾಡಿಗಳ ಗತಿ ಯೋಚಿಸಿ.

ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ನಂಬಿ ಕೂರಬೇಡಿ. ಕೀ ತಿರುಗಿಸಿದಾಗ ಹತ್ತಿ ಆರಿತು ಅಂದರೆ ವೈರಿಂಗ್, ಸೆನ್ಸರ್ ಸರಿ ಇದೆ ಎಂದಷ್ಟೇ. ಮದ್ದು ಕೆಟ್ಟದ್ದು ಅದಕ್ಕೆ ಗೊತ್ತಾಗುವುದಿಲ್ಲ.

ನನಗೆ ರೀಕಾಲ್ ಪತ್ರ ಬರಲೇ ಇಲ್ಲ. ಆರ್‌ಸಿ ನನ್ನ ಹೆಸರಿಗೆ ಆಗಿ ಎಷ್ಟೋ ಕಾಲವಾಗಿದ್ದರೂ ಕಂಪನಿಯ ಕಡತದಲ್ಲಿ ಮೊದಲ ಮಾಲೀಕರ ವಿಳಾಸವೇ ಇತ್ತು. ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಅನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದಾಗಲೇ ಗೊತ್ತಾದದ್ದು: ಎರಡೂ ಏರ್‌ಬ್ಯಾಗ್ ಬದಲಿಸುವುದು ಬಾಕಿ.

ಸರ್ವಿಸ್ ಸೆಂಟರಿನ ಅಡ್ವೈಸರ್, 'ಇಷ್ಟು ಹಳೇ ಗಾಡಿಗೆ ಈಗ ಬರಲ್ಲ ಸರ್' ಎಂದು ಸಾಗಹಾಕಲು ನೋಡಿದರು. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಪ್ರಾಣದ ಪ್ರಶ್ನೆಯನ್ನು ವಾರಂಟಿಯ ಲೆಕ್ಕದಲ್ಲಿ ನೋಡುವುದೇ? ವೆಬ್‌ಸೈಟಿನ ಪುಟ ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದೆ ಇಟ್ಟ ಮೇಲೆ ಪಾರ್ಟ್ ಆರ್ಡರ್ ಆಯಿತು. ಬರಲು ಕೆಲವು ವಾರ ಹಿಡಿಯಿತು. ಅಲ್ಲಿತನಕ ಮುಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಲಿಲ್ಲ.

ಕಾನೂನಿನ ವಿಷಯವೂ ತಿಳಿದಿರಲಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳಲ್ಲಿ ಕಂಪನಿಗೆ ಒಂದು ಕೋಟಿ ರೂಪಾಯಿ ತನಕ ದಂಡವಿದೆ, ಆದರೆ ಅವು ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ನನ್ನ ಕಾರಿಗೆ ಪಾರ್ಟ್ ಸಿಕ್ಕಿದ್ದು ಕಂಪನಿ ತಾನಾಗಿ ಕರೆದ ರೀಕಾಲ್‌ನಲ್ಲಿ. ಈ ಏಳು ವರ್ಷದ ಗಡಿ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಇಂಥ ದೋಷ ಹೊರಬರುವುದೇ ಗಾಡಿ ಹಳತಾದ ಮೇಲೆ.

ಕೆಲಸ ಮಾತ್ರ ಅಚ್ಚುಕಟ್ಟು. ಮೆಕ್ಯಾನಿಕ್ ಮೊದಲು ಬ್ಯಾಟರಿ ವೈರ್ ಬಿಚ್ಚಿ, ಉಳಿದ ಕರೆಂಟ್ ಇಳಿಯಲೆಂದು ಕೆಲವು ನಿಮಿಷ ಸುಮ್ಮನೆ ಕಾದರು. ಆಮೇಲೆ ಸ್ಟೇರಿಂಗ್ ನಡುವಿನ ಹಾರ್ನ್ ಪ್ಯಾಡ್ ಬಿಚ್ಚಿ, ಹಿಂದಿನ ಹಳದಿ ಕನೆಕ್ಟರ್ ಕಿತ್ತರು. ಎಡಗಡೆಯದ್ದಕ್ಕೆ ಗ್ಲೋವ್ ಬಾಕ್ಸ್ ಇಳಿಸಬೇಕಾದ್ದರಿಂದ ತಡವಾಯಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅದಾದ ಮೇಲೆ ಡ್ಯಾಶ್‌ಬೋರ್ಡಿನಿಂದ ಕಿರ್ ಸದ್ದೂ ಇಲ್ಲ, ಏರ್‌ಬ್ಯಾಗ್ ಲೈಟ್ ಒಮ್ಮೆಯೂ ಕಾಟ ಕೊಟ್ಟಿಲ್ಲ.

ಕೆಲಸಕ್ಕೆ ಐದರಲ್ಲಿ ನಾಲ್ಕು, ಮಾಹಿತಿ ತಲುಪಿಸಿದ್ದಕ್ಕೆ ಒಂದು. ಮಾಡಿಸುವವರು ಎರಡು ವಿಷಯ ನೆನಪಿಡಿ: ಹೊಸ ಪಾರ್ಟ್ ನಂಬರ್ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಯಾವ ಕಾರಣಕ್ಕೂ ಗುಜರಿಯಿಂದ ತಂದ ಏರ್‌ಬ್ಯಾಗ್ ಹಾಕಿಸಬೇಡಿ. ಅದೂ ಟಕಾಟಾದ್ದೇ ಆಗಿರಬಹುದು.