150 ವರ್ಷದ ಬಾಚಿ ಅಂತ ಯಾರಾದರೂ ಮಾರೋಕೆ ಬಂದರೆ

ಹಳೇ ಕೈ ಉಪಕರಣಗಳ ಮ್ಯೂಸಿಯಂಗೆ ಹೋಗುವ ಯೋಚನೆ ಇದ್ದರೆ ಖಂಡಿತ ಹೋಗಿ. ಆದರೆ ಹೊರಗೆ ಬರುವ ದಾರಿಯಲ್ಲಿ ಅಂಗಡಿ ಇದ್ದರೆ ಕೈ ಜೇಬಲ್ಲೇ ಇರಲಿ. ನಮಗೆ 14,500 ರೂಪಾಯಿ ಹೋಯಿತು. ಭಾವನ ವಿಮಾನವೂ ತಪ್ಪಿಹೋಗಬೇಕಿತ್ತು, ಸ್ವಲ್ಪದರಲ್ಲಿ ಸಿಕ್ಕಿತು.

ಭಾವ ಇರುವುದು ನ್ಯೂಜೆರ್ಸಿಯಲ್ಲಿ. ಪಕ್ಕದ ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನ್ ಅನ್ನೋ ಊರಲ್ಲಿ ಮರ್ಸರ್ ಮ್ಯೂಸಿಯಂ ಅಂತ ಇದೆ. ಯಂತ್ರಗಳು ಬಂದಮೇಲೆ ಜನ ಗುಜರಿಗೆ ಹಾಕುತ್ತಿದ್ದ ಉಳಿ, ಗರಗಸ, ಸುತ್ತಿಗೆಗಳನ್ನೆಲ್ಲ ಹೆನ್ರಿ ಮರ್ಸರ್ ಅನ್ನುವವರು ಕೂಡಿಹಾಕಿದರು. ಅವನ್ನು ಇಡೋಕೇ ಕಾಂಕ್ರೀಟಿನ ಕೋಟೆಯಂಥ ಕಟ್ಟಡ ಕಟ್ಟಿಸಿ 1916ರಲ್ಲಿ ತೆರೆದರು. ದೋಣಿ, ಗಾಡಿಗಳನ್ನೂ ಚಾವಣಿಯಿಂದ ನೇತುಹಾಕಿದ್ದಾರಂತೆ. ಅದನ್ನು ನೋಡಿದ ಮೇಲೆ ಭಾವನಿಗೆ ಹಳೇ ಉಪಕರಣದ ಹುಚ್ಚು ಹಿಡಿಯಿತು. ಈ ಸಲ ಊರಿಗೆ ಬಂದವರೇ, "ನಮ್ಮ ಕಡೆ ಇಂಥದ್ದು ಎಲ್ಲಿದೆ?" ಅಂದರು.

ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, ಅಲ್ಲಿಗೇ ಹೋಗಬೇಕಿತ್ತು. ನಾನು ಬುದ್ಧಿವಂತಿಕೆ ಮಾಡಿ, ರೀಲ್ಸ್‌ನಲ್ಲಿ ನೋಡಿದ್ದ ಒಂದು ಖಾಸಗಿ ಮ್ಯೂಸಿಯಂಗೆ ಕಾರು ತಿರುಗಿಸಿದೆ. ಹೆಸರು ಬೇಡ ಬಿಡಿ. ಹಳೇ ತೊಟ್ಟಿ ಮನೆ, ತಲೆಗೆ 200 ರೂಪಾಯಿ ಟಿಕೆಟ್, ಮೊಬೈಲಲ್ಲಿ ಫೋಟೊ ತೆಗೆದರೆ ಇನ್ನೂ 100.

ಸಾಮಾನು ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕುಲುಮೆಯ ತಿದಿ, ಬಿದಿರಿನ ಕೂರಿಗೆ, ಸೇರು, ಪಾವು, ಗೋಡೆ ತುಂಬ ಉಳಿಗಳು. ಹಲಗೆ ನಯ ಮಾಡುವ ಒಂದು ಮರದ ಉಜ್ಜುಗೊರಡಿನ ಹಿಂಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಹಳ್ಳ ಬಿದ್ದಿತ್ತು. ಯಾರೋ ಒಬ್ಬರು ವರ್ಷಗಟ್ಟಲೆ ಅದೇ ಜಾಗದಲ್ಲಿ ಬೆರಳಿಟ್ಟು ತಳ್ಳಿದ್ದಾರೆ. ನಾನು ಅದನ್ನೇ ಐದು ನಿಮಿಷ ನೋಡುತ್ತಾ ನಿಂತಿದ್ದೆ.

ಆದರೆ ಎಲ್ಲೂ ಒಂದು ಚೀಟಿ ಇಲ್ಲ. ಯಾವ ಊರಿನದು, ಯಾರ ಮನೆಯದು, ಏನೂ ಬರೆದಿಲ್ಲ. ತೋರಿಸಲು ಬಂದ ಹುಡುಗ ಹಗ್ಗ ಸುತ್ತಿದ್ದ ಬೈರಿಗೆಯನ್ನು ಹಿಡಿದು, "ಇದು ಮಜ್ಜಿಗೆ ಕಡೆಯೋದು ಸರ್" ಅಂದ. ಅಕ್ಕ ನಕ್ಕಳು. ಮರಕ್ಕೆ ತೂತು ಕೊರೆಯುವ ಬೈರಿಗೆಯಲ್ಲಿ ಮಜ್ಜಿಗೆ! ಆಗಲೇ ನಾವು ಹುಷಾರಾಗಬೇಕಿತ್ತು ಅಲ್ವಾ?

ಹೊರಗೆ ಬರಬೇಕಂದರೆ ಅಂಗಡಿ ದಾಟಿಯೇ ಬರಬೇಕು. ಅಲ್ಲಿ ಮಾಲೀಕರೇ ಕೂತಿದ್ದರು. "ಡಬಲ್ ಪೀಸ್ ಇರೋದನ್ನ ಮಾತ್ರ ಕೊಡ್ತೀವಿ ಸರ್, ನಿಮ್ಮಂಥ ಅಭಿರುಚಿ ಇರೋರಿಗೆ" ಅಂದರು. ಭಾವ ಕರಗಿಬಿಟ್ಟರು. ಮರ ಕೆತ್ತುವ ಒಂದು ಬಾಚಿ, ಹಿತ್ತಾಳೆ ಪಟ್ಟಿ ಹೊಡೆದ ಒಂದು ಉಜ್ಜುಗೊರಡು, ಎರಡೂ ಸೇರಿ 14,500. ಜೊತೆಗೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್: "ಅಸಲಿ ಪುರಾತನ ವಸ್ತು, 150 ವರ್ಷ ಹಳೆಯದು", ಕೆಳಗೆ ಕೆಂಪು ಸೀಲು. ಬಿಲ್ಲಿನಲ್ಲಿ ಮಾತ್ರ "ಮರದ ಸಾಮಾನು, 2" ಅಂತ ಅಷ್ಟೇ. ಇದನ್ನು ನಾವು ಮನೆಗೆ ಬಂದಮೇಲೆ ನೋಡಿದ್ದು.

ಭಾವ ವಾಪಸ್ ಹೊರಟ ರಾತ್ರಿ ನಾನು ಅವರನ್ನು ಏರ್‌ಪೋರ್ಟ್‌ಗೆ ಬಿಟ್ಟು ಬರುತ್ತಿದ್ದೆ. ಸಾದಹಳ್ಳಿ ಟೋಲ್ ದಾಟಿದ್ದೆ ಅಷ್ಟೇ, ಫೋನ್ ಬಂತು. ಸೂಟ್‌ಕೇಸ್ ತೆಗೆಸಿದ್ದಾರೆ. ಏನಿದು ಅಂತ ಕೇಳಿದ ಅಧಿಕಾರಿಗೆ ಭಾವ ಹೆಮ್ಮೆಯಿಂದ ಆ ಸರ್ಟಿಫಿಕೇಟ್ ತೋರಿಸಿದ್ದಾರೆ! 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತುವನ್ನು ನಾವು ನೀವು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ನೋಡೋಕೆ ಹಳೇದಾಗಿ ಕಾಣುವ ವಸ್ತು ಒಯ್ಯಬೇಕಂದರೆ, ಅದು ಪುರಾತನ ಅಲ್ಲ ಅಂತ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಬರೆಸಿಕೊಂಡಿರಬೇಕು. ನಮ್ಮ ಹತ್ತಿರ ಇದ್ದದ್ದು ಪುರಾತನವೇ ಹೌದು ಅನ್ನೋ ಕಾಗದ. ಭಾವ ಬೆವತುಹೋಗಿದ್ದರು. ಪುಣ್ಯಕ್ಕೆ ಆ ಅಧಿಕಾರಿ ಬಾಚಿಯನ್ನು ತಿರುಗಿಸಿ ನೋಡಿ, ಬೈದು, "ಮನೆಯವರನ್ನ ಕರೆಸಿ, ಇದನ್ನ ವಾಪಸ್ ಕಳಿಸಿ" ಅಂದರಂತೆ. ನಾನು ಕಾರು ತಿರುಗಿಸಿದೆ.

ಮಾರನೇ ದಿನ ಎರಡನ್ನೂ ನಮ್ಮ ಬೀದಿಯ ಬಡಗಿ ಆಚಾರ್ರ ಹತ್ತಿರ ಒಯ್ದೆ. ವಯಸ್ಸು ಎಪ್ಪತ್ತರ ಮೇಲೆ. ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣು ಬಿಟ್ಟಿಲ್ಲ. ಬಾಚಿಯನ್ನು ಬಿಸಿಲಿಗೆ ಹಿಡಿದು ಕೇಳಿದರು, "150 ವರ್ಷ ಮಸೆಯದೇ ಇಟ್ಟಿದ್ರಂತಾ ಸ್ವಾಮಿ?"

ಅವರು ತೋರಿಸಿದ ಮೇಲೆ ನನಗೂ ಕಂಡಿತು. ದುಡಿದ ಬಾಚಿಯ ಬಾಯಿ ಮಸೆದು ಮಸೆದು ಗಿಡ್ಡ ಆಗಿರುತ್ತದೆ, ಒಂದು ಮೂಲೆ ಜಾಸ್ತಿ ಸವೆದಿರುತ್ತದೆ. ನಮ್ಮದು ಉದ್ದಕ್ಕೂ ಒಂದೇ ಅಳತೆ. ತುಕ್ಕೂ ಅಷ್ಟೇ, ಬಣ್ಣ ಬಳಿದ ಹಾಗೆ ಎಲ್ಲ ಕಡೆ ಒಂದೇ ಸಮ. ಆಸಿಡ್ಡೋ ಉಪ್ಪುನೀರೋ ಹಾಕಿದರೆ ಹಾಗೆ ಬರುತ್ತಂತೆ. ಕಾವನ್ನು, ಅಂದರೆ ಮರದ ಹಿಡಿಯನ್ನು, ಒದ್ದೆ ಬಟ್ಟೆಯಲ್ಲಿ ಉಜ್ಜಿದರು, ಬಟ್ಟೆಗೆ ಟೀ ಡಿಕಾಕ್ಷನ್ ಬಣ್ಣ ಹತ್ತಿತು. ಅಲಗು ಕಾವಿಗೆ ಸೇರುವ ಕಡೆ, ಒಳಗೆ ವೆಲ್ಡಿಂಗ್ ಗಂಟು.

ಉಜ್ಜುಗೊರಡಿನ ಹಿತ್ತಾಳೆ ಪಟ್ಟಿಯ ಮೇಲೆ ಕಪ್ಪು ಮೇಣ ಮೆತ್ತಿದ್ದರು. ಉಗುರಲ್ಲಿ ಕೆರೆದರೆ ಕೆಳಗೆ ಸ್ಟಾರ್ ಸ್ಕ್ರೂ! ಈ ಸ್ಟಾರ್ ಸ್ಕ್ರೂ, ಅಂದರೆ ಫಿಲಿಪ್ಸ್ ಸ್ಕ್ರೂ, ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ. ಅಮೆರಿಕದಲ್ಲಿ ಅಷ್ಟೊಂದು ಉಪಕರಣ ನೋಡಿದ ಭಾವನಿಗೆ ಇದು ಕಾಣಲಿಲ್ಲವಲ್ಲ ಅಂತ ನನಗೆ ನಗು ಬಂತು. ನಾನೂ ಪಕ್ಕದಲ್ಲೇ ಇದ್ದೆ, ಅದು ಬೇರೆ ಮಾತು.

ಅಂಗಡಿಗೆ ಫೋನ್ ಮಾಡಿದೆ. "ಮಾರಿದ ಮಾಲು ವಾಪಸ್ ಇಲ್ಲ ಸರ್, ಅಸಲಿ ಪೀಸ್ ಅದು" ಅಂದರು. ಅಸಲಿಯೇ ಆದರೆ ಅದೇ ಕಾಯ್ದೆ ಪ್ರಕಾರ ಪುರಾತನ ವಸ್ತು ಮಾರೋಕೆ ಲೈಸೆನ್ಸ್ ಬೇಕು, ನಂಬರ್ ಹೇಳಿ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ಇಳಿಯಿತು: "ಹಾಗಲ್ಲ ಸರ್, ಅದು ಆಂಟಿಕ್ ಸ್ಟೈಲ್." ಅದಾದಮೇಲೆ ನನ್ನ ನಂಬರ್ ಬ್ಲಾಕ್.

1915ಕ್ಕೆ, ಅಂದರೆ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಸರ್ಟಿಫಿಕೇಟಿನ ಎರಡೂ ಬದಿಯ ಫೋಟೊ, ಹಣ ಕಳಿಸಿದ ಯುಪಿಐ ದಾಖಲೆ ನನ್ನ ಹತ್ತಿರ ಇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವಿಷಯಕ್ಕೆ ಅಲ್ಲಿ ಶುಲ್ಕ ಇಲ್ಲ. ನೀವು ಇಂಥದ್ದು ಏನಾದರೂ ಕೊಳ್ಳಲೇಬೇಕಂದರೆ, ಎಷ್ಟು ಹಳೆಯದು ಅನ್ನುವುದನ್ನು ಬಿಲ್ಲಿನಲ್ಲೇ ಬರೆದುಕೊಡಿ ಅಂತ ಕೇಳಿ. ಬರೆಯಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಬಾಚಿ ಈಗ ಆಚಾರ್ರ ಮನೆಯಲ್ಲೇ ಇದೆ. ಕೆಲಸಕ್ಕಾದರೂ ಬರುತ್ತಾ ಅಂತ ಕೇಳಿದೆ. "ಬಾಯಿಗೆ ಉಕ್ಕೇ ಹಾಕಿಲ್ಲ, ಮಸೆದರೂ ಹರಿತ ನಿಲ್ಲಲ್ಲ" ಅಂದರು. ಅವರ ಮೊಮ್ಮಗ ಅದರಲ್ಲಿ ಹಿತ್ತಲಲ್ಲಿ ಮಣ್ಣು ಕೆದಕುತ್ತಿದ್ದಾನೆ.